ಬೆನ್ನ ಹಿಂದಿನ ಸರೋವರ

ಬೆಳಕು ಇನ್ನೂ ಬಣ್ಣ ಹಿಡಿದಿಲ್ಲ. ಕಟ್ಟೆಗೆ ಕಟ್ಟಿದ ದೋಣಿಯಲ್ಲಿ ಕೂತು ಅರ್ಲೀನ್ ಡೆಕ್ಕರ್ ಗ್ರಾಮಫೋನಿಗೆ ಕೀ ಕೊಡುತ್ತಿದ್ದಾರೆ. ಹಾಡು ಹೊರಡುವುದಿಲ್ಲ. ತಟ್ಟೆ ಇರಬೇಕಾದ ಜಾಗದಲ್ಲಿ ಮರದ ಗಾಲಿ, ಗಾಲಿಯ ತುಂಬ ತಾಮ್ರದ ತಂತಿ. ಅವರ ತಂದೆ ಹಳೇ ಗ್ರಾಮಫೋನಿನ ಹೊಟ್ಟೆ ಬಗೆದು, ಅದರ ಸ್ಪ್ರಿಂಗನ್ನು ದೋಣಿಯ ಅಂಚಿಗೆ ಕೂರಿಸಿದ್ದರು. ಮೀನು ಸಿಕ್ಕಾಗ ಕೈಯಿಂದ ತಂತಿ ಎಳೆದುಕೊಂಡಷ್ಟೂ ಸಡಿಲವಾದದ್ದನ್ನು ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ತಂತಿ ಕಾಲಡಿ ಬಿದ್ದು ಮಡಚಿಕೊಳ್ಳುತ್ತದೆ. ಒಮ್ಮೆ ಮಡಚಿದ ತಾಮ್ರವನ್ನು ಈ ಸರೋವರದಲ್ಲಿ ಯಾರೂ ನಂಬುವುದಿಲ್ಲ.

ಕೀ ಕೊಡುತ್ತಿರುವುದು ಎಡಗೈ. ಬಲಗೈ ಮಡಿಲಲ್ಲಿದೆ, ಬೇರೆ ಯಾರದೋ ಕೈಯನ್ನು ಸ್ವಲ್ಪ ಹೊತ್ತು ಇಟ್ಟುಕೊಂಡ ಹಾಗೆ.

ಪಕ್ಕದ ದೋಣಿಯಲ್ಲಿ ಹಾಲ್ಸಿ ಮೀನು ಹುಡುಕುವ ಯಂತ್ರದ ಪರದೆ ಹೊತ್ತಿಸುತ್ತಾರೆ. ಆಳ, ಮೀನು, ನೀರಿನ ಬಿಸಿ ಎಲ್ಲ ಅದರಲ್ಲೇ ಮೂಡುತ್ತದೆ. ಇವತ್ತು ಯಾವ ಹಾಡು ಹಾಕ್ತೀಯ ಅರ್ಲೀನ್ ಎಂದು ಕೇಳುತ್ತಾರೆ. ದಿನಾ ಕೇಳುವುದೇ. ನೀನು ಟೀವಿ ನೋಡ್ಕೊಂಡು ಹೋಗು ಎನ್ನುತ್ತಾರೆ ಅರ್ಲೀನ್. ಇದೂ ದಿನಾ ಹೇಳುವುದೇ.

ಅರ್ಲೀನ್ ಮತ್ತು ಅವರ ತಮ್ಮ ವೆಂಡೆಲ್ ಗಿರಾಕಿಗಳನ್ನು ಟ್ರೌಟ್ ಮೀನು ಹಿಡಿಯಲು ಕರೆದೊಯ್ಯುವವರು; ಹಾಲ್ಸಿಯದೂ ಅದೇ ಕಸುಬು. ವೆಂಡೆಲ್ ಹಿಂದುಗಡೆ ಮೋಟಾರಿನ ಹಿಡಿ ಹಿಡಿದು, ಮುಂದೆ ನೋಡುತ್ತಾ, ನಡಿಗೆಗಿಂತ ನಿಧಾನವಾಗಿ ದೋಣಿ ಓಡಿಸುತ್ತಾರೆ. ಅರ್ಲೀನ್ ನಡುವಿನ ಹಲಗೆಯ ಮೇಲೆ, ಅವರಿಗೆ ಎದುರಾಗಿ, ಹಿಂದೆ ನೋಡುತ್ತಾ ಕೂರುತ್ತಾರೆ. ತಂತಿ ದೋಣಿಯ ಹಿಂದೆ ತಳದವರೆಗೂ ಇಳಿದಿರುತ್ತದೆ. ಅದರ ತುದಿಯಲ್ಲಿ ಸುತ್ತಿಗೆಯಿಂದ ಬಡಿದು ಮಾಡಿದ ಹಿತ್ತಾಳೆಯ ಚಮಚ, ಚಮಚಕ್ಕೆ ಗಾಳ. ಕೈಯನ್ನು ಉದ್ದಕ್ಕೆ ಮುಂದೆಳೆದರೆ ಚಮಚ ಏಳುತ್ತದೆ, ಬಿಟ್ಟರೆ ಗಾಯಗೊಂಡ ಮರಿಮೀನಿನ ಹಾಗೆ ತೊಯ್ದಾಡುತ್ತಾ ಬೀಳುತ್ತದೆ. ಬಿದ್ದಾಗ ತಳ ತಾಗಬೇಕು. ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ದೊಡ್ಡ ಟ್ರೌಟ್‌ಗಳು ಬೇಸಿಗೆಯಲ್ಲಿ ತಳಕ್ಕೆ ಅಂಟಿಕೊಂಡಿರುತ್ತವೆ. ಆಳಿನೆತ್ತರ ಮೇಲೆ ಹೋದರೂ ಚಮಚ ಅವಕ್ಕೆ ಯಾರದೋ ಸಮಾಚಾರ.

“ಮರಳಾದ್ರೆ ಹುಡಿಹುಡಿ ಅನ್ಸುತ್ತೆ,” ಎನ್ನುತ್ತಾರೆ ಅರ್ಲೀನ್. “ಕಲ್ಲಾದ್ರೆ ಟಕ್ ಅಂತ ಮೊಣಕೈಗೆ ಬರುತ್ತೆ. ಕೆಸರಿಗೆ ಏನೂ ಅನ್ಸಲ್ಲ, ಯಾರೋ ನಿಟ್ಟುಸಿರು ಬಿಟ್ಟ ಹಾಗೆ, ಅಷ್ಟೆ.”

ಕಳೆದ ಶರತ್ಕಾಲದಲ್ಲಿ ಒಂದು ದಿನ ಎಲ್ಲವೂ ನಿಟ್ಟುಸಿರಾಯಿತು. ಗಿರಾಕಿಗಳು ಮುಂದೆ ಕೂತು ಹರಟುತ್ತಿದ್ದರು. ಅರ್ಲೀನ್ ಎಳೆಯುತ್ತಲೇ ಇದ್ದರು. ತಂತಿ ಮೇಲೆ ಬಂದಾಗ ಚಮಚದ ತುಂಬ ಮೆತ್ತಿದ ಕೆಸರನ್ನು ವೆಂಡೆಲ್ ನೋಡಿದರು, ಒರೆಸಿದರು. “ಗದ್ದೆ ಉತ್ತ ಹಾಗೆ ಉತ್ಕೊಂಡು ಬಂದಿದ್ದೆ,” ಎಂದು ಅರ್ಲೀನ್ ನಗುತ್ತಾರೆ. ಆ ರಾತ್ರಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಯಿತಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದವು. ಆ ಜೋಮು ಇನ್ನೂ ಇಳಿದಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಇಷ್ಟು ವರ್ಷ ತಂತಿ ಎಳೆದದ್ದಕ್ಕೆ ಸಿಕ್ಕ ಬಳುವಳಿ.

ಬರುವ ಸೋಮವಾರ ಆಪರೇಷನ್. ಆಮೇಲೆ ಇಡೀ ಬೇಸಿಗೆ ಆ ಕೈ ಎಳೆಯುವ ಹಾಗಿಲ್ಲ. ಬೇಸಿಗೆಯೇ ಇವರ ಕೆಲಸದ ಕಾಲ. ಒಂದು ಬೇಸಿಗೆ ತಪ್ಪಿಸಿದರೆ, ನ್ಯೂಯಾರ್ಕ್ ನಗರದಿಂದ ಕತ್ತಲಲ್ಲೇ ಕಾರು ಹತ್ತಿ ಬರುವ ಗಿರಾಕಿಗಳು ಹಾಲ್ಸಿಯ ಪರದೆ ನೋಡಲು ಕಲಿಯುತ್ತಾರೆ. ಕಲಿತವರು ತಾಮ್ರಕ್ಕೆ ವಾಪಸು ಬಂದದ್ದನ್ನು ಅರ್ಲೀನ್ ಕಂಡಿಲ್ಲ. ಉಳಿದಿರುವುದು ಒಂದೇ ದಾರಿ, ಇಬ್ಬರೂ ಜಾಗ ಬದಲಿಸಿಕೊಳ್ಳುವುದು. ಅಕ್ಕ ಮೋಟಾರಿಗೆ, ತಮ್ಮ ತಂತಿಗೆ. ಇವತ್ತು ನೋಡುವುದು, ಆಗದಿದ್ದರೆ ಮಧ್ಯಾಹ್ನ ಕೂತು ಎಲ್ಲರಿಗೂ ಫೋನ್ ಮಾಡಿ ಈ ಸಲ ಇಲ್ಲ ಅನ್ನುವುದು.

ಇಬ್ಬರೂ ಜಾಗ ಬದಲಿಸಿ ಕೂರುತ್ತಾರೆ, ಇವರ ಬಗ್ಗೆ ಬರೆಯಲು ಬಂದ ನಾನು ಮುಂದಿನ ಹಲಗೆಯಲ್ಲಿ. ಹೊರಡುತ್ತೇವೆ. ಮೊದಲ ಸುತ್ತಿನಲ್ಲಿ ವೆಂಡೆಲ್ ತಂತಿ ಬಿಡುತ್ತಾರೆ, ಬಿಡುತ್ತಲೇ ಇರುತ್ತಾರೆ, ಗಾಲಿಯ ಮರ ಕಾಣಿಸುವವರೆಗೂ. ತಳವೇ ಇಲ್ಲ. ದೋಣಿ ಎಲ್ಲೋ ನಡುನೀರಿಗೆ ಹೋಗಿದೆ. ಎರಡನೇ ಸುತ್ತಿನಲ್ಲಿ ಅರ್ಲೀನ್ ದಡದ ಕಡೆ ತಿರುಗಿಸುತ್ತಾರೆ, ಜಾಸ್ತಿಯೇ ತಿರುಗಿಸುತ್ತಾರೆ. ಚಮಚ ಕಲ್ಲಿನ ಸಂದಿಗೆ ಸಿಕ್ಕಿಕೊಂಡು ತಂತಿ ಬಿಲ್ಲಿನ ಹಾಗೆ ಬಿಗಿಯುತ್ತದೆ. ಮೋಟಾರು ನಿಲ್ಲಿಸಿ, ಹಿಂದಕ್ಕೆ ಬಂದು, ಅತ್ತಿತ್ತ ಎಳೆದು ಬಿಡಿಸುವಷ್ಟರಲ್ಲಿ ಸೂರ್ಯ ಗುಡ್ಡ ದಾಟಿದ್ದಾನೆ.

“ಈ ಕೆರೆಗೆ ಹೊಸದಾಗಿ ಬಂದಿದೀಯಾ?” ಎನ್ನುತ್ತಾರೆ ವೆಂಡೆಲ್.

ಅರ್ಲೀನ್ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಎಡಗೈಯಲ್ಲಿ ಹಿಡಿಯುತ್ತಾರೆ. ಬಲಗೈಗೆ ಬಿಸಿ ತಿಳಿಯುವುದಿಲ್ಲ, ಸುಟ್ಟ ಮೇಲೆ ಕಣ್ಣಿಗೆ ತಿಳಿಯುತ್ತದೆ. ಮೊಟ್ಟೆ ಹಾಕಿದ ಬ್ರೆಡ್ಡಿನ ಪೊಟ್ಟಣವನ್ನು ಯಾರೂ ಬಿಚ್ಚುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತಮ್ಮನ ಮುಖ ನೋಡದೆ, ಫೋನ್ ಮಾಡೋ ಕೆಲಸ ನಾನೇ ಮಾಡ್ತೀನಿ, ನೀನು ಮಾಡಿದ್ರೆ ಎಲ್ಲರ ಹತ್ರಾನೂ ಕತೆ ಶುರು ಮಾಡ್ತೀಯ ಎನ್ನುತ್ತಾರೆ. ವೆಂಡೆಲ್ ತಲೆಯಾಡಿಸುತ್ತಾರೆ. ಊರಿನ ಕಡೆಗೆ ಹೊರಡೋಣ ಎಂದಾಗುತ್ತದೆ.

ಮೋಟಾರು ಎಳೆದು ಶುರು ಮಾಡಿದ ಮೇಲೆ ಅದು ತನ್ನನ್ನು ತಣಿಸಿಕೊಂಡ ನೀರು ಉಗುಳುತ್ತಿದೆಯೇ ಎಂದು ಹಿಂದೆ ತಿರುಗಿ ನೋಡುವುದು ದೋಣಿಯವರ ರೂಢಿ. ಅರ್ಲೀನ್ ತಿರುಗುತ್ತಾರೆ. ನೀರು ಉಗುಳುತ್ತಿದೆ. ಅವರು ಮುಂದಕ್ಕೆ ತಿರುಗುವುದೇ ಇಲ್ಲ.

ಹಿಂದಿನ ದಡದಲ್ಲಿ ಬಿಳೀ ಇಗರ್ಜಿಯ ಗೋಪುರ. ಅದರ ಎಡಕ್ಕೆ, ಇನ್ನೇನು ಅದಕ್ಕೆ ತಾಗಲಿದೆ ಅನ್ನುವಂತೆ, ಹಾಲಿನ ಡೇರಿಯವರು ದನದ ಮೇವು ತುಂಬಿಡುವ, ಕಂಬದಂಥ ನೀಲಿ ಕಣಜ. ಆಚೆ ಗುಡ್ಡದ ಬೋಳು ತೇಪೆ.

“ವೆಂಡೆಲ್, ತಂತಿ ಬಿಡು.”

“ಮನೆಗಲ್ವಾ?”

“ಬಿಡು ಅಂದೆ.”

ಅರ್ಲೀನ್ ಪೂರಾ ತಿರುಗಿ ಮೋಟಾರಿನ ಕಡೆ ಮುಖ ಮಾಡಿ ಕೂರುತ್ತಾರೆ. ಈಗ ದೋಣಿಯಲ್ಲಿ ಇಬ್ಬರೂ ಹಿಂದೆ ನೋಡುವವರೇ. ಮುಂದೆ ಯಾರಾದರೂ ಅಡ್ಡ ಬಂದರೆ ಕೂಗು ಹಾಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮುಂದಿನ ನೀರು ಖಾಲಿ ಇದೆ, ಪುಣ್ಯ.

ಹುಡುಗಿಯಾಗಿದ್ದಾಗಿನಿಂದ ಅವರು ಈ ನೀರಿನ ಮೇಲೆ ಕೆಲಸ ಮಾಡಿದ್ದು ದೋಣಿ ಬಿಟ್ಟುಬಂದ ದಡವನ್ನು ನೋಡುತ್ತಲೇ. ಹೋಗಿ ಸೇರುವ ದಡ ಅವರಿಗೆ ಕೇವಲ ದಡ. ಹಿಂದೆ ಸರಿಯುವ ದಡದಲ್ಲಿ ಮಾತ್ರ ಸರೋವರದ ತಳ ಬರೆದಿದೆ. ಇದು ಅವರಿಗೂ ಗೊತ್ತಿರಲಿಲ್ಲ.

ನೀಲಿ ಕಂಬ ಗೋಪುರಕ್ಕೆ ತಾಗುತ್ತದೆ. “ಮರಳು,” ಎನ್ನುತ್ತಾರೆ ಅರ್ಲೀನ್.

ವೆಂಡೆಲ್ ಕೈ ಎಳೆದು ಬಿಡುತ್ತಾರೆ. “ಹೂಂ. ಮರಳು.”

ಕಂಬ ಗೋಪುರದ ಹಿಂದೆ ಮರೆಯಾಗುತ್ತದೆ. “ಸ್ವಲ್ಪ ತಂತಿ ಸುತ್ಕೋ. ಕಲ್ಲು ಬರ್ತಿದೆ.”

ಮೋಟಾರು ಗುರುಗುಡುತ್ತದೆ. ಅರ್ಲೀನರ ಬಲಗೈ ಹಿಡಿಯ ಮೇಲಿದೆ. ಹಿಡಿ ಹಿಡಿಯಲು ಬೆರಳಿನ ಬುದ್ಧಿ ಬೇಡ, ತೂಕ ಸಾಕು. ಅವರು ತಮ್ಮನ ಕಡೆ ತಿರುಗುವುದಿಲ್ಲ, ಆದರೆ ಹೆಗಲು ಕಾಯುತ್ತಿರುವುದು ಕಾಣುತ್ತದೆ.

“ಟಕ್,” ಎನ್ನುತ್ತಾರೆ ವೆಂಡೆಲ್. ಆಮೇಲೆ ಮೆಲ್ಲಗೆ, “ಮೊಣಕೈವರೆಗೂ ಬಂತು.”

ಕಲ್ಲು ಮುಗಿದು ತಳ ಇಳಿಯುವಲ್ಲಿ, ಬೋಳು ತೇಪೆ ಪೂರ್ತಿ ತೆರೆದುಕೊಂಡಾಗ, ಅರ್ಲೀನ್ ಮೋಟಾರನ್ನು ಇನ್ನಷ್ಟು ಸಣ್ಣ ಮಾಡುತ್ತಾರೆ. ಈಗ ಸುಮ್ನಿರು, ಇಲ್ಲಿ ಅವು ಊಟಕ್ಕೆ ಕೂತಿರ್ತವೆ ಎನ್ನುತ್ತಾರೆ. ವೆಂಡೆಲರ ಕೈ ಮುಂದೆ ಹೋದದ್ದು ಹಿಂದೆ ಬರುವುದಿಲ್ಲ. ತಂತಿ ತಾನಾಗಿ ಬಿಗಿದಿದೆ. ಅವರು ಒಂದು ಕೈ ಮೇಲೊಂದು ಕೈ ಹಾಕಿ ಎಳೆಯುತ್ತಾರೆ, ಗ್ರಾಮಫೋನು ಕಟಕಟನೆ ಸುತ್ತಿಕೊಳ್ಳುತ್ತದೆ. ಬೂದು ಮೈಯ ಮೇಲೆ ಅನ್ನದಗುಳಿನಂಥ ಚುಕ್ಕೆಗಳಿರುವ ಟ್ರೌಟ್ ಕೈಬಲೆಗೆ ಬರುತ್ತದೆ. ದೊಡ್ಡದೇನಲ್ಲ. ವೆಂಡೆಲ್ ಅದನ್ನು ಅಕ್ಕನಿಗೆ ತೋರಿಸಲು ಎತ್ತಿ ಹಿಡಿಯುತ್ತಾರೆ. ಅರ್ಲೀನ್ ತಿರುಗಿ ನೋಡಿ, ಎಡಗೈಯಿಂದ ಅದರ ಬೆನ್ನು ಸವರಿ, ನೀರಿಗೆ ಬಿಡು ಎನ್ನುತ್ತಾರೆ.

ವೆಂಡೆಲ್ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಾರೆ. “ಇಷ್ಟು ವರ್ಷ ನಿನ್ನ ಮುಖ ನೋಡಿ ಓಡಿಸ್ತಿದ್ದೆ. ಬೆನ್ನು ನೋಡೋದೇ ವಾಸಿ, ಬೈಯಲ್ಲ.”

ಆಪರೇಷನ್ ಆದ ಮೇಲೆ ಬೆರಳಿಗೆ ಜೀವ ಬರುತ್ತದೋ ಇಲ್ಲವೋ ಡಾಕ್ಟರು ಖಚಿತವಾಗಿ ಹೇಳಿಲ್ಲ. ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅರ್ಲೀನ್ ಜೋಮು ಹಿಡಿದ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. “ಒಂದ್ಸಲ ಆ ಕೆಸರು ಮುಟ್ಟಬೇಕು,” ಎನ್ನುತ್ತಾರೆ. “ಕಲ್ಲನ್ನ ಯಾರು ಬೇಕಾದ್ರೂ ಮುಟ್ತಾರೆ.”

ಕಟ್ಟೆಗೆ ಬಂದಾಗ ಹಾಲ್ಸಿ ತಮ್ಮ ದೋಣಿ ತೊಳೆಯುತ್ತಿದ್ದಾರೆ. ದೂರದಿಂದ ಎಲ್ಲ ನೋಡಿದ್ದಾರೆ. ಫೋನ್ ಮಾಡುವ ಮಾತನ್ನು ಅಕ್ಕ ತಮ್ಮ ಇಬ್ಬರೂ ಮತ್ತೆ ಎತ್ತಿಲ್ಲ. ವೆಂಡೆಲ್ ಆಗಲೇ ಈ ಬೇಸಿಗೆಗೆ ಹೊಸ ಚಮಚಗಳ ಲೆಕ್ಕ ಹಾಕುತ್ತಿದ್ದಾರೆ.

“ಏನು ಅರ್ಲೀನ್,” ಎನ್ನುತ್ತಾರೆ ಹಾಲ್ಸಿ, “ಇಡೀ ಬೆಳಗ್ಗೆ ಹಿಂದುಮುಂದಾಗಿ ಕೂತಿದ್ಯಲ್ಲ?”

ಅರ್ಲೀನ್ ಹಗ್ಗವನ್ನು ಎಡಗೈಯಿಂದ ಗೂಟಕ್ಕೆ ಸುತ್ತುತ್ತಾರೆ.

“ನಾನು ಸರಿಯಾಗೇ ಕೂತಿದ್ದೆ,” ಎನ್ನುತ್ತಾರೆ. “ದೋಣಿನೇ ಉಲ್ಟಾ ಹೋಗ್ತಿತ್ತು.”