ಇಲ್ಲದ ಹಗೇವು

ಅರ್ಜಿಯ ಏಳನೆಯ ಕಲಮಿನಲ್ಲಿ ನಾನು ಕೈಯಾರೆ 'ಇಲ್ಲ' ಎಂದು ಬರೆದೆ. ಕಲಮು ಕೇಳಿದ್ದು ಇಷ್ಟೇ: ಕಟ್ಟಬೇಕೆಂದಿರುವ ಜಾಗದ ಕೆಳಗೆ ಹಳೆಯ ಬಾವಿ, ತಿಪ್ಪೆಗುಂಡಿ, ಹಗೇವು ಏನಾದರೂ ಇದೆಯೇ? ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಮಾತ್ರ ಒಂದು ಕೋಣೆಯಷ್ಟು. ನಮ್ಮ ಹಿತ್ತಲಲ್ಲಿ ಅಂಥದ್ದೊಂದು ಇದೆ ಎಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ಸರಕಾರ ಮತ್ತು ನಮ್ಮಪ್ಪ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಸ ಅಕ್ಕೋರು. ಬೆಳಿಗ್ಗೆ ಹಲಗೆಯ ಮೇಲೆ 'ಸುಳ್ಳು ಹೇಳಬಾರದು' ಎಂದು ಬರೆದು ಮಕ್ಕಳ ಕೈಯಲ್ಲಿ ಹತ್ತು ಸಲ ತಿದ್ದಿಸುವುದು, ಸಂಜೆ ಮನೆಗೆ ಬಂದು ಅಪ್ಪ ಹೇಳಿದಂತೆ ಅರ್ಜಿ ಬರೆಯುವುದು. ಎರಡೂ ಕೆಲಸಕ್ಕೆ ನನ್ನದು ಅದೇ ದುಂಡಗಿನ ಅಕ್ಷರ.

ಅರ್ಜಿ ಅತ್ತೆಯ ಸಲುವಾಗಿ. ಅತ್ತೆ ಎಂದರೆ ಅಪ್ಪನ ಅಕ್ಕ. ಹೂವಿನ ಹಿಪ್ಪರಗಿಗೆ ಕೊಟ್ಟಿದ್ದರು, ಗಂಡ ಬೇಗ ತೀರಿಹೋದ, ತವರಿಗೆ ಬಂದಳು. ಬಂದು ಇಪ್ಪತ್ತು ವರ್ಷ ನಮ್ಮವ್ವನ ಒಲೆಯ ಮುಂದೆ ಎರಡನೆಯವಳಾಗಿ ಕೂತಳು. ಅವ್ವ ಕೆಟ್ಟವಳಲ್ಲ, ಆದರೆ ಆಕೆಯ ರೊಟ್ಟಿ ಎಲೆಯಷ್ಟು ತೆಳು, ಅತ್ತೆಗೆ ಹಿಡಿಸಿದ್ದು ದಪ್ಪ ರೊಟ್ಟಿ. ಆ ದಪ್ಪ ರೊಟ್ಟಿಯನ್ನು ಆಕೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಡಿಯಲಿಲ್ಲ, ಬೇಕೆಂದು ಕೇಳಲೂ ಇಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಕೂತ ಅಪ್ಪನ ಮುಂದೆ ನಿಂತು ಹೇಳಿದಳು.

"ತಮ್ಮಾ, ಹಿತ್ತಲದಾಗ ನನಗೊಂದು ಖೋಲಿ ಹಾಕ್ಸಿಕೊಡು. ದೊಡ್ಡದು ಬ್ಯಾಡ. ಒಂದು ಒಲಿ, ಕಾಲ ಚಾಚಾಕ ಒಂದೀಟು ಜಾಗಾ. ಸಾಯೋದ್ರಾಗ ನನ್ನ ಒಲಿ ಮ್ಯಾಲ ನಾಕು ರೊಟ್ಟಿ ಬಡೀಬೇಕು."

ಅಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಆದರೆ ಜಾಗ ಎಲ್ಲಿದೆ? ನಮ್ಮ ಹಿತ್ತಲಲ್ಲಿ ಎಡಕ್ಕೆ ಬಾವಿ, ಬಲಕ್ಕೆ ದನದ ಕೊಟ್ಟಿಗೆ, ಹಿಂದಿನ ಮೂಲೆಯಲ್ಲಿ ಅಪ್ಪನ ನಿಂಬೆಗಿಡ. ಅಗರಖೇಡದಿಂದ ತಂದ ಗಿಡ. ಇಂಡಿ ಊರಿನಿಂದ ಮೋಟಾರು ಹಿಡಿದು, ಕೂಸನ್ನು ಹೊತ್ತಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ನಮ್ಮನ್ನು ಯಾರನ್ನೂ ಅಷ್ಟು ಹೊತ್ತು ತೊಡೆಯ ಮೇಲೆ ಕೂರಿಸಿಕೊಂಡದ್ದು ನನಗೆ ನೆನಪಿಲ್ಲ. ಗಿಡದ ಮಾತು ಯಾರೂ ಎತ್ತುವಂತಿರಲಿಲ್ಲ. ಉಳಿದದ್ದು ನಡುವಿನ ಬಯಲು ಮಾತ್ರ, ಆ ಬಯಲಿನ ಕೆಳಗೇ ಎಲ್ಲೋ ಹಗೇವು.

ಎಲ್ಲೋ ಎಂದೆನಲ್ಲ, ಅದರ ಕಥೆ ಹೇಳಬೇಕು. ಯುದ್ಧದ ಕಾಲದಲ್ಲಿ ಸರಕಾರ ಮನೆಮನೆಯ ಜೋಳವನ್ನು ಲೆವಿ ಎಂದು ಎಳೆದುಕೊಳ್ಳುತ್ತಿತ್ತು. ಅಧಿಕಾರಿಗಳು ಕಬ್ಬಿಣದ ಸಲಾಕೆ ಹಿಡಿದು ಹಿತ್ತಲು ಹಿತ್ತಲಲ್ಲಿ ನೆಲ ಚುಚ್ಚುತ್ತಿದ್ದರು. ಅಪ್ಪ ಹಗೇವು ತುಂಬಿಸಿ, ಬಾಯಿಗೆ ಬಂಡೆ ಎಳೆಸಿ, ಮೇಲೆ ಮೊಣಕಾಲುದ್ದ ಮಣ್ಣು ಬಿಗಿಸಿ, ಗುರುತಿಗೆ ಇದ್ದ ಕಲ್ಲನ್ನೂ ಕೀಳಿಸಿಬಿಟ್ಟ. ಆಮೇಲೆ ಪಂಚರ ಮುಂದೆ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಹಚ್ಚಿಕೊಂಡು ನಿಂತು, ನಮ್ಮಲ್ಲಿ ಹಗೇವೇ ಇಲ್ಲ ಎಂದ. ಊರ ಲೆಕ್ಕಪತ್ರದ ತಲಾಟಿ ಹಾಗೆಯೇ ಬರೆದುಕೊಂಡ, ಪಂಚರು ಸಹಿ ಹಾಕಿದರು. ಆಗ ಅವ್ವ ನನ್ನನ್ನು ಕರೆದುಕೊಂಡು ಬಾಣಂತನಕ್ಕೆ ತನ್ನ ತವರು ನಾಲತವಾಡಕ್ಕೆ ಹೋಗಿದ್ದಳು. ಮನೆಯಲ್ಲಿದ್ದವರು ಅಪ್ಪ ಮತ್ತು ಅತ್ತೆ ಇಬ್ಬರೇ.

ಅಲ್ಲಿಂದ ಅಪ್ಪ ಆ ಮಾತಿಗೆ ಎಷ್ಟು ನಿಷ್ಠನಾದನೆಂದರೆ ಹಗೇವನ್ನು ಮತ್ತೆ ತೆಗೆಯಲೇ ಇಲ್ಲ. ತೆಗೆದರೆ ಯಾರಾದರೂ ನೋಡುತ್ತಾರೆ, ನೋಡಿದರೆ ಮರ್ಯಾದೆ ಹೋಗುತ್ತದೆ. ವರ್ಷಗಳು ಕಳೆದಂತೆ ಜಾಗವೂ ಮರೆತುಹೋಯಿತು. ಸರಕಾರದಿಂದ ಬಚ್ಚಿಟ್ಟದ್ದು ನಮಗೂ ಸಿಗದಂತಾಯಿತು.

ಓವರ್‌ಸೀಯರ್ ಬಂದು ಜಾಗ ನೋಡಿದ ಮೇಲೆಯೇ ಖೋಲಿ ಕಟ್ಟಲು ಪರವಾನಗಿ. ಬರುವ ಬುಧವಾರ ಎಂದು ಚೀಟಿ ಬಂದದ್ದೇ ತಡ, ಮನೆಯಲ್ಲಿ ಹೆಣ್ಣು ನೋಡಲು ಬರುವ ದಿನದ ಸಡಗರ. ಅವ್ವ ಕೊಟ್ಟಿಗೆಯ ಗೋಡೆಗೆ ಸುಣ್ಣ ಹಚ್ಚಿಸಿದಳು. ಹಿತ್ತಲಿಗೆಲ್ಲ ಸಗಣಿ ಸಾರಿಸಿದೆವು. ಎಮ್ಮೆಯ ಮೈ ತೊಳೆಸಿದ್ದು ಯಾವ ಕಲಮಿಗೆ ಎಂದು ನಾನು ಕೇಳಿದೆ. "ಸಾಹೇಬರ ಕಣ್ಣಿಗೆ ಚಂದ ಕಾಣಬೇಕಲ್ಲಬೇ" ಎಂದಳು ಅವ್ವ. ನಾನು ಸೀಸಕಡ್ಡಿಯಲ್ಲಿ ನಕಾಶೆ ಬರೆದೆ. ಅದರಲ್ಲಿ ಬಾವಿ ಇತ್ತು, ಗಿಡ ಇತ್ತು, ಅತ್ತೆಯ ಒಲೆಯ ಜಾಗಕ್ಕೆ ಒಂದು ಚೌಕವೂ ಇತ್ತು. ಅತ್ತೆ ದಿನಕ್ಕೆರಡು ಸಲ ಬಂದು ಆ ಚೌಕದ ಮೇಲೆ ಬೆರಳಿಟ್ಟು ನೋಡಿ ಹೋಗುತ್ತಿದ್ದಳು.

ಆ ರವಿವಾರ ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಹಿತ್ತಲಿಂದ ಧಪ್ ಧಪ್ ಸದ್ದು ಕೇಳಿತು. ಇಣುಕಿ ನೋಡಿದರೆ ಅಪ್ಪ. ಕೈಯಲ್ಲಿ ಒನಕೆ. ಒಂದೊಂದು ಹೆಜ್ಜೆಗೆ ನೆಲ ಕುಟ್ಟುವುದು, ತಲೆ ವಾಲಿಸಿ ಕೇಳುವುದು, ಮುಂದೆ ಸರಿಯುವುದು.

"ಏನ್ ಮಾಡಾಕತ್ತೀಯಪ್ಪಾ?"

"ನೆಲಾ ಸಮ ಮಾಡಾಕತ್ತೇನಿ."

"ಒನಕಿಲೆ?"

"ನಿನ್ನ ಸಾಲಿಯಾಗ ನೀ ಶ್ಯಾಣ್ಯಾಕಿ. ಒಳಗ ಹೋಗು."

ಬಾವಿಕಟ್ಟೆಯ ಮೇಲೆ ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದಳು. ತಮ್ಮ ಕುಟ್ಟಿದಲ್ಲೆಲ್ಲ ನೋಡಿದಳು, ತುಟಿ ಬಿಚ್ಚಲಿಲ್ಲ. ಆಕೆಗೂ ಮರೆತಿದೆ ಎಂದುಕೊಂಡೆ. ಅಪ್ಪನಿಗೆ ಎಲ್ಲಿಯೂ ಟೊಳ್ಳು ಸದ್ದು ಸಿಗಲಿಲ್ಲ. ತನ್ನ ಕೈಯ ಮಣ್ಣಿನ ಬಿಗಿ ಅಂಥದ್ದು. ಒನಕೆ ಒಳಗಿಟ್ಟು ಬಂದು, ಗೆದ್ದವನಂತೆ ಹೇಳಿದ. "ಇಲ್ಲ ಅಂತ ನಾ ಮೊದಲs ಹೇಳಿದ್ದಿಲ್ಲೇನು?"

ಬುಧವಾರ ಓವರ್‌ಸೀಯರ್ ಬಂದರು. ಜೊತೆಗೆ ದಫ್ತರ ಕಟ್ಟಿಕೊಂಡು ತಲಾಟಿ. ಲೆವಿಯ ಕಾಲದಲ್ಲಿ ಬರೆದುಕೊಂಡವನೇ, ಈಗ ಕನ್ನಡಕ ಬಂದಿತ್ತು. ಅಪ್ಪ ಹೇಳಿಕಳಿಸಿದ್ದರಿಂದ ಗೋಡೆ ಕಟ್ಟುವ ಗೌಂಡಿಯೂ ಹಾರೆ ಹಿಡಿದು ಹಾಜರಿದ್ದ. ಸಾಹೇಬರು ಎಮ್ಮೆಯನ್ನು ನೋಡಲಿಲ್ಲ. ಟೇಪು ಹಿಡಿದು ಜಾಗದ ಗಡಿ ಅಳೆದರು, ನೀರು ಯಾವ ಕಡೆ ಹರಿಯುತ್ತದೆ ಕೇಳಿದರು, ನನ್ನ ನಕಾಶೆ ನೋಡಿ "ಅಕ್ಷರ ಚಲೋ ಅದಾವ್ರಿ" ಎಂದರು. ಆಮೇಲೆ ಏಳನೆಯ ಕಲಮಿಗೆ ಬಂದರು.

"ಹಗೇವ?"

ಅಪ್ಪ ಬಾಯಿ ತೆರೆಯುವ ಮೊದಲೇ ತಲಾಟಿ ದಫ್ತರದಿಂದ ಹಳದಿ ಹಿಡಿದ ಕಾಗದ ತೆಗೆದ. "ಇಲ್ರಿ ಸಾಹೇಬ್ರ. ಪಂಚರ ಸಹಿ ಐತಿ ನೋಡ್ರಿ."

"ಕಾಗದದಾಗ ಇಲ್ಲಂದ್ರ ಇಲ್ಲ" ಎಂದರು ಸಾಹೇಬರು. ಅಪ್ಪನ ಮೀಸೆಯೊಳಗೆ ಆದ ಸಮಾಧಾನ ನನಗೆ ಕಂಡಿತು. ತನ್ನ ಸುಳ್ಳಿಗೆ ಸರಕಾರದ ಮೊಹರೇ ಸಾಕ್ಷಿ ನಿಂತಿತ್ತು. "ಬುನಾದಿ ಮೂರು ಫೂಟು ಅಗೀರಿ. ಈ ಮೂಲ್ಯಾಗ ಗೂಟಾ ಹೊಡಿ" ಎಂದರು ಗೌಂಡಿಗೆ. ಅವನು ಹಾರೆ ಎತ್ತಿದ.

"ನಿಂದ್ರಪಾ."

ಅತ್ತೆಯ ದನಿ. ಸೆರಗು ತಲೆಯ ಮೇಲೆಳೆದುಕೊಂಡು ಬಾವಿಕಟ್ಟೆಯಿಂದ ಇಳಿದು ಬಂದಳು.

"ನಿನ್ನ ಕಾಲ ಕೆಳಗs ಐತಿ ಹಗೇವ. ಹದಿನೈದು ವರ್ಷದ ಕೆಟ್ಟ ಗಾಳಿ ತುಂಬೇತಿ. ನೀ ಒಳಗ ಬಿದ್ರ ನಿನ್ನ ಎತ್ತಾಕ ಇಳದಾಂವನೂ ಮ್ಯಾಲ ಬರೂದಿಲ್ಲ."

ತಲಾಟಿ ಕಾಗದ ಮುಂದೆ ಹಿಡಿದ. "ಯಮ್ಮಾ, ದಫ್ತರದಾಗ ಇಲ್ಲಲ್ರಿ!"

"ದಫ್ತರದಾಗ ಬೀಳೂದಿಲ್ಲ ಅಂವ, ಹಗೇವದಾಗ ಬೀಳ್ತಾನ."

ಆಕೆ ಎಲ್ಲ ಬಲ್ಲಳು. ಇಪ್ಪತ್ತು ವರ್ಷದಲ್ಲಿ ಆಕೆ ಕೇಳಿದ್ದು ಆ ಒಂದು ಖೋಲಿ, ಅದಕ್ಕಿದ್ದದ್ದು ಆ ಒಂದು ಜಾಗ. ಬಾಯಿ ಮುಚ್ಚಿಕೊಂಡಿದ್ದರೆ ಪರವಾನಗಿ ಕೈಗೆ ಬಂದಂತೆಯೇ. ಇಷ್ಟು ದಿನ ಮುಚ್ಚಿಕೊಂಡೂ ಇದ್ದಳು. ಹಾರೆ ಮೇಲೆದ್ದ ಮೇಲೆ ಆಗಲಿಲ್ಲ.

ಸಾಹೇಬರು ಅಪ್ಪನ ಕಡೆ ತಿರುಗಿದರು. "ಯಾರ್ರಿ ಮುಚ್ಚಿದಾವ್ರು?"

ಅತ್ತೆಯೇ ಹೇಳಿದಳು. "ನಾನs ಮುಚ್ಚಿಸೀನ್ರಿ. ನಮ್ಮ ತಮ್ಮಗ ಗೊತ್ತಿಲ್ಲ."

ಅಪ್ಪ ಸಾಹೇಬರಿಗೆ ಹೇಳಿದ. "ಹೆಣ್ಮಕ್ಕಳ ಬುದ್ಧಿ, ಏನ್ ಮಾಡೂದ್ರಿ?"

ಹೆತ್ತ ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ನಾನೂ ಬಾಯಿ ಬಿಡಲಿಲ್ಲ. ಅರ್ಜಿಯ ಮೇಲಿದ್ದ 'ಇಲ್ಲ' ನನ್ನದೇ ಅಕ್ಷರ.

ಸಾಹೇಬರು ಅರ್ಜಿಯ ಮೇಲೆ ಅಡ್ಡ ಗೆರೆ ಎಳೆದರು. ಬೇರೆ ಜಾಗ ತೋರಿಸಿ ಹೊಸ ಅರ್ಜಿ ಕೊಡಿ, ಇದು ಆಗುವುದಿಲ್ಲ ಎಂದು ಹೇಳಿ ಚಹಾ ಕುಡಿದು ಹೋದರು.

ಮರುದಿನ ಗೌಂಡಿ ಮಣ್ಣು ಬಿಡಿಸಿ ಬಂಡೆ ಸರಿಸಿದ. ಒಳಗೆ ಬಿಟ್ಟ ಕಂದೀಲು ಎರಡು ಸಲವೂ ಪಕ್ಕನೆ ಆರಿತು. ಅವನು ಅತ್ತೆಯ ಕಡೆ ನೋಡಿ ಕೈ ಮುಗಿದ. ಎರಡು ದಿನ ಬಾಯಿ ತೆರೆದಿಟ್ಟು ಇಳಿದಾಗ ಮೇಲೆ ಬಂದದ್ದು ಇದ್ದಿಲಿನಂತೆ ಕಪ್ಪಾದ ಜೋಳ. ಎಮ್ಮೆಯೂ ಮೂಸಲಿಲ್ಲ. ಅವ್ವ ಒಂದು ಹಿಡಿ ತೆಗೆದುಕೊಂಡು ಅಂದಳು. "ಆ ವರ್ಷ ರೇಷನ್ನಿನ ಮುಗ್ಗಲ ಜೋಳದಾಗ ಹರಳು ಆರಿಸಿ ಆರಿಸಿ ನನ್ನ ಕಣ್ಣು ಹೋದುವು." ಅಪ್ಪ ಕೊಟ್ಟಿಗೆಯ ಕಡೆ ಹೋದ.

ಅತ್ತೆ ಮತ್ತೆ ಅವ್ವನ ಒಲೆಯ ಮುಂದೆ ಕೂತಳು. ಖೋಲಿಯ ಮಾತು ಎತ್ತಲಿಲ್ಲ. ನಕಾಶೆಯನ್ನೂ ಕೇಳಲಿಲ್ಲ. ಅದೇ ನನಗೆ ತಡೆಯಲಾಗದಂತಾಯಿತು. ಅಪ್ಪನ ಜೊತೆ ಮಾತು ಬಿಟ್ಟೆ.

ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಹಿತ್ತಲಿನ ಮೂಲೆ ಬೆಳಕಾಗಿ ಕಂಡಿತು. ನಿಂಬೆಗಿಡ ನೆಲಕ್ಕೆ ಬಿದ್ದಿತ್ತು. ಕಾಯಿ ಒಂದು ಬುಟ್ಟಿಯಲ್ಲಿ, ಕೊಡಲಿ ಗೋಡೆಗೆ. ಆಳಿನ ಕೈಯಲ್ಲಿ ಕಡಿಸಿದ್ದಲ್ಲ, ಅಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

"ಹೊಸಾ ಅರ್ಜಿ ಬರಿ" ಎಂದ.

ಬರೆಯುತ್ತ ಏಳನೆಯ ಕಲಮಿಗೆ ಬಂದು ಲೆಕ್ಕಣಿಕೆ ನಿಲ್ಲಿಸಿದೆ. ಅಪ್ಪ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದ.

"ಹಿತ್ತಲದಾಗ ಹಗೇವ ಐತಿ ಅಂತ ಬರಿ. ಮುಚ್ಚಿಸಿದಾಂವ ಅರ್ಜಿದಾರ, ಅವರಕ್ಕ ಅಲ್ಲ ಅಂತ ಬರಿ."

ಅಷ್ಟನ್ನು ಯಾವ ಕಲಮೂ ಕೇಳಿರಲಿಲ್ಲ. ಜಾಗ ಸಾಲದೆ ಅಂಚಿನಲ್ಲಿ ಬರೆದೆ. ಅಪ್ಪ ಸಹಿ ಹಾಕಿ ಎದ್ದು ಹೋದ. ಅಕ್ಕನಿಗೆ ಬಾಯಿಬಿಟ್ಟು ಒಂದು ಮಾತು ಹೇಳಲು ಆತನಿಗೆ ಕೊನೆಯವರೆಗೂ ಆಗಲಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ. ಒಳಗೆ ಹೋಗಿ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಅಂಚಿನ ಸಾಲು ಬಂದಾಗ ತೆಳು ರೊಟ್ಟಿ ಬಡಿಯುತ್ತಿದ್ದ ಆಕೆಯ ಕೈ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು, ಒಲೆಯ ಹೊಗೆ ಎಂದಳು.

"ಅದಿರಲಿ, ನಕಾಶಿ ತಗಿ" ಎಂದಳು ಆಮೇಲೆ. "ಒಲಿ ಯಾ ಕಡೆ ಬರ್ತೈತಿ, ತೋರ್ಸು."