ನಾನು ಹಸಿರು ಬಳಿದ ದಾರಿ

ಸೈಕಲನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಊರಿಗೆ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಸೈಕಲ್ ಇರುವುದು ಮನುಷ್ಯನನ್ನು ಹೊರುವುದಕ್ಕೆ. ಇವರು ಅದನ್ನೇ ಹೊತ್ತುಕೊಂಡು, ಹೆದ್ದಾರಿಯ ಉದ್ದಕ್ಕೂ ಹೊಗೆ ಬಿಡುತ್ತ ಬಂದು, ಹೊನ್ನಾವರದ ಲಾಡ್ಜಿನೆದುರು ಇಳಿದು, “ಇಲ್ಲಿ ವಾಹನದ ಕಾಟವಿಲ್ಲದ ದಾರಿ ಯಾವುದಿದೆ?” ಎಂದು ಕೇಳುತ್ತಾರೆ. ನೀವು ಬರದೇ ಇದ್ದರೆ ಎಲ್ಲ ದಾರಿಯೂ ಅಂಥದ್ದೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹಲ್ಲು ಕಿಸಿದು ದಾರಿ ತೋರಿಸಿದೆ.

ನಾನು ಕುಮಟೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮನೆ ಹೊನ್ನಾವರದಲ್ಲಿ. ನೌಕರಿ ಸೇರಿದಾಗಿನಿಂದ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ, ಅದೂ ಹೆದ್ದಾರಿ ಮುಟ್ಟದೆ. ಕರ್ಕಿಯ ಒಳಗಿನಿಂದ ಹೊಕ್ಕು, ಹಳದೀಪುರದ ಗದ್ದೆಗಳ ನಡುವಿನ ಮಣ್ಣುದಾರಿ ಹಿಡಿದು, ಕಡಲ ದಂಡೆಯ ಗಾಳಿಮರಗಳ ಮಗ್ಗುಲಲ್ಲಿ ಸಾಗುವ ದಾರಿ ನನ್ನದು. ಉಳಿದ ಮಾಸ್ತರರೆಲ್ಲ ಸ್ಕೂಟರಿನಿಂದ ಕಾರಿಗೆ ಬಡ್ತಿ ಪಡೆದರು. ನನ್ನನ್ನು ‘ತುಳಿಯುವ ಮಾಸ್ತರ’ ಎಂದು ಕರೆದು ನಕ್ಕರು. ಇಷ್ಟು ವರ್ಷ ನಗೆಪಾಟಲಾದವನನ್ನು ಒಂದು ದಿನ ಯಾರೋ ಹೊರಗಿನವರು ಬಂದು ‘ಸ್ಥಳೀಯ ತಜ್ಞರು’ ಎಂದರೆ ಅವನ ಕಾಲು ನೆಲದ ಮೇಲೆ ನಿಲ್ಲುವುದು ಕಷ್ಟ.

ಅವರು ಬಂದದ್ದು ಜೂನ್ ಕೊನೆಯಲ್ಲಿ, ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ. ಐದು ಜನ. ಬೈಸಿಕಲ್ ಪ್ರವಾಸದ ಒಂದು ಸಮಿತಿಯವರಂತೆ. ಹಿಂಭಾಗದಲ್ಲಿ ಮೆತ್ತೆ ಹೊಲಿದ ಚಡ್ಡಿ, ಬೆನ್ನಿನ ಚೀಲದಿಂದ ಬಾಯಿಗೆ ನೀರಿನ ನಳಿಗೆ, ಎದೆ ಎಷ್ಟು ಬಡಿಯುತ್ತಿದೆ ಎಂದು ಹೇಳಲು ಕೈಗೊಂದು ಗಡಿಯಾರ. ತಮ್ಮ ಎದೆಯ ಸುದ್ದಿಯನ್ನು ಗಡಿಯಾರದಿಂದ ತಿಳಿದುಕೊಳ್ಳುವ ಜನ. ಭಟ್ಕಳದ ಬಂದರಿನಿಂದ ಹೊರಟು, ಹೊನ್ನಾವರ, ಕುಮಟೆ ದಾಟಿ, ಓಂ ಬೀಚಿನಲ್ಲಿ ಕಾಲು ಚಾಚುವವರೆಗೆ ಒಂದೇ ಒಂದು ಲಾರಿಯ ಮುಖ ನೋಡಬಾರದು, ಸುತ್ತ ಹಸಿರೇ ಇರಬೇಕು, ಇದು ಅವರ ಯೋಜನೆ. ಶರಾವತಿಗೆ ಬಂದಾಗ ಏನು ಮಾಡುತ್ತೀರಿ, ಸೇತುವೆಯೆಂದರೆ ಹೆದ್ದಾರಿಯೇ ಅಲ್ಲವೇ ಎಂದು ಕೇಳಿದೆ. “ಅದನ್ನು ಆಮೇಲೆ ನೋಡೋಣ” ಎಂದರು. ಇಷ್ಟಗಲದ ಹೊಳೆಯನ್ನು ಆಮೇಲೆ ನೋಡುವವರು!

ಆದರೂ ಎರಡು ದಿನ ಅವರ ಮುಂದೆ ಮುಂದೆ ತುಳಿದೆ. ಎರಡನೆಯ ದಿನ ನನ್ನ ಅಕ್ಕನ ಕೇರಿಯ ದಂಡೆಗೆ ಬಂದೆವು.

ಅಕ್ಕ ಮೀನು ಒಣಗಿಸಿ ಮಾರುವವಳು. ನಾನೂ ಅದೇ ಮನೆಯಲ್ಲಿ, ಅದೇ ವಾಸನೆಯಲ್ಲಿ ಬೆಳೆದವನು. ಕೇರಿಯ ಮನೆಗಳಿಗೂ ಕಡಲಿಗೂ ನಡುವೆ ಒಂದು ಉದ್ದನೆಯ ಮಟ್ಟಸ ಜಾಗವಿದೆ. ಅಲ್ಲಿ ಪ್ರತಿ ಮನೆಗೂ ಒಂದೊಂದು ಪಾಲು. ಕಲ್ಲು ನೆಟ್ಟಿಲ್ಲ, ಹಗ್ಗ ಕಟ್ಟಿಲ್ಲ, ಕಾಗದವಂತೂ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದಾಗ ಆ ಜಾಗವನ್ನು ಹಾಗೇ ಬಿಟ್ಟುಬಿಡುತ್ತಾರೆ. ಅಲೆ ಮೇಲೇರುತ್ತದೆ, ದಪ್ಪೆಲೆಯ ಬಳ್ಳಿ ಹಬ್ಬಿ ನೇರಳೆ ಹೂ ಬಿಡುತ್ತದೆ. ಮಳೆ ಇಳಿದು ಮೊದಲ ದೋಣಿ ಮೀನು ತಂದ ದಿನ ಹೆಂಗಸರು ಪೊರಕೆ ಹಿಡಿದು ಬರುತ್ತಾರೆ. ಹಿರಿಯವಳು ಮೊದಲು ಗುಡಿಸುತ್ತಾಳೆ, ಆಮೇಲೆ ಮನೆಯ ಸಾಲಿನಂತೆ ಒಬ್ಬೊಬ್ಬಳೇ. ಪಕ್ಕದವಳ ಪೊರಕೆ ನಿಂತಲ್ಲಿಂದ ಇವಳದ್ದು ಶುರು. ನಾನು ಕಂಡಂತೆ ಒಂದು ವರ್ಷವೂ ಅಲ್ಲಿ ಜಗಳವಾದದ್ದಿಲ್ಲ.

ಆ ಐವರಿಗೆ ಕಂಡದ್ದು ಬಳ್ಳಿ ಮತ್ತು ಹೂ. ಮೊಣಕಾಲೂರಿ ಫೋಟೋ ಹೊಡೆದರು. ಅವರಲ್ಲಿ ಹಿರಿಯ ನನ್ನನ್ನು ಕೇಳಿದ: “ಸರ್, ಇದು ಯಾರಾದರೂ ಬಳಸುವ ಜಾಗವಾ?”

“ಇಲ್ಲ, ಖಾಲಿ ಬಿದ್ದದ್ದು” ಎಂದೆ.

ಯಾಕೆ ಹಾಗೆಂದೆ ಎಂದು ಮರೆಮಾಚಿ ಬರೆಯುವುದಿಲ್ಲ. ಮೀನು ಒಣಗಿಸುವ ಜಾಗ ಎಂದರೆ ಯಾರ ಮೀನು ಎಂಬ ಪ್ರಶ್ನೆ ಬರುತ್ತಿತ್ತು. ಅಕ್ಕನ ಮನೆ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ಅವಳು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, “ತಮಾ, ಎಂತ ಇಷ್ಟು ಜನ?” ಎಂದಿದ್ದರೆ ‘ಸ್ಥಳೀಯ ತಜ್ಞರ’ ಗತಿ ಏನು? ಸ್ಟಾಫ್ ರೂಮಿನಲ್ಲಿ, ಒಣಮೀನಿನ ವಾಸನೆ ಬಂದೀತೆಂದು, ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುವ ಗಂಡಸು ನಾನು. ಅವರ ಮೆತ್ತೆ ಚಡ್ಡಿಗೆ ನಗುವ ಹಕ್ಕು ನನಗೆ ಎಲ್ಲಿಂದ ಬರಬೇಕು?

ಮನೆಗೆ ಬಂದು ಅವರಿಗಾಗಿ ನಕಾಶೆ ಬರೆದೆ. ದೊಡ್ಡ ಹಾಳೆ, ಒಳ್ಳೆಯ ಬಣ್ಣ. ಹೊಳೆಗೆ ನೀಲಿ, ಹೆದ್ದಾರಿಗೆ ಕೆಂಪು, ದಂಡೆಯ ಆ ಉದ್ದ ಪಟ್ಟಿಗೆ ಎಳೆ ಹಸಿರು. ಮೂಲೆಯಲ್ಲಿ ಸಹಿ ಮಾಡುವುದನ್ನೂ ಮರೆಯಲಿಲ್ಲ.

ಆ ನಕಾಶೆ ಸಮಿತಿಯವರಿಂದ ಸರ್ಕಾರಕ್ಕೆ ಹೋಗಿ, ಮುಂದಿನ ಮೇ ತಿಂಗಳಲ್ಲಿ ದಾರಿಯ ಕೆಲಸ ಶುರುವಾಯಿತು. ಅಷ್ಟು ಬೇಗ ಆಗುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮಲ್ಲಿ ಬೇಕಾದ ಕೆಲಸ ಆಮೆಯಂತೆ, ಬೇಡದ್ದು ಕುದುರೆಯಂತೆ. ಹೊರಗಿನ ಕೂಲಿಯವರು ಬಂದು, ಹರಡಿದ್ದ ಮೀನನ್ನು ಹೆಂಗಸರಿಂದ ಎತ್ತಿಸಿ, ನೆಲ ಸಮ ಮಾಡಿ ಅಗಲವಾಗಿ ಕಾಂಕ್ರೀಟ್ ಹಾಕಿದರು. ಅದು ಯಾತಕ್ಕೆಂದು ಕೇರಿಯವರಿಗೆ ಯಾರೂ ಹೇಳಲಿಲ್ಲ. ಹೇಳಬಲ್ಲ ಒಬ್ಬನೇ ಒಬ್ಬ, ಬೇಸಿಗೆ ರಜೆಯಿದ್ದರೂ, ದಿನವೂ ಅದರ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಹೆಂಗಸರು ತಾವೇ ಒಂದು ತೀರ್ಮಾನಕ್ಕೆ ಬಂದರು. ಮರಳಿಲ್ಲದ ನೆಲದಲ್ಲಿ ಮೀನು ಒಣಗಿಸಬೇಕೆಂದು ಅವರಿಗೆ ಪಂಚಾಯತಿಯವರು ಎಷ್ಟೋ ಸಲ ಉಪದೇಶ ಮಾಡಿದ್ದರು. ಕೊನೆಗೂ ಆ ನೆಲ ಬಂತು ಎಂದುಕೊಂಡರು.

“ಸರ್ಕಾರಕ್ಕೆ ಬುದ್ಧಿ ಬಂತು ನೋಡು ತಮಾ” ಎಂದಳು ಅಕ್ಕ. “ಮೀನು ಒಣಗಿಸೂಕೆ ಗಚ್ಚು ಹಾಕಿಕೊಟ್ರು. ಇನ್ನು ತಾರ್ಲೆಗೆ ಮರಳು ಹತ್ತೂದಿಲ್ಲ.”

ಕೂಲಿಯವರು ಮಧ್ಯಾಹ್ನ ಮಲಗಿದಾಗ ಅವಳೇ ಕೊಡದಲ್ಲಿ ಬಾವಿಯ ನೀರು ತಂದು ಹಸಿ ಕಾಂಕ್ರೀಟಿಗೆ ಹೊಯ್ಯುತ್ತಿದ್ದಳು, ಬಿರುಕು ಬಿಟ್ಟೀತೆಂದು. ಬಾಯಿ ತೆರೆಯುವುದಕ್ಕೆ ನನಗೆ ಇನ್ನೊಂದು ಅವಕಾಶ ಅದು. ನಾನು “ಆತು, ಆತು” ಎಂದು ಹೇಳಿ ಸೈಕಲ್ ಹತ್ತಿದೆ.

ಆಗಸ್ಟಿನಲ್ಲಿ ಮೊದಲ ದೋಣಿ ಬಂತು. ಹಿರಿಯವಳು ಪೊರಕೆ ಹಿಡಿದು ಕಾಂಕ್ರೀಟನ್ನು ಗುಡಿಸಿದಳು. ಉಳಿದವರು ಸಾಲಿನಂತೆ ಗುಡಿಸಿದರು. ಬಿಸಿಲು ಬಿದ್ದ ದಿನಗಳಲ್ಲಿ ಆ ತುದಿಯಿಂದ ಈ ತುದಿಯವರೆಗೆ ತಾರ್ಲೆ, ಬಂಗಡೆ, ಸಣ್ಣ ಸಿಗಡಿ ಬೆಳ್ಳಗೆ ಒಣಗಿದವು. ಅಷ್ಟು ಚೊಕ್ಕ ಒಣಮೀನನ್ನು ನಾನು ನಮ್ಮ ಕೇರಿಯಲ್ಲಿ ನೋಡಿರಲಿಲ್ಲ. ಇಡೀ ಯೋಜನೆಯಿಂದ ಯಾರಿಗಾದರೂ ಪ್ರಯೋಜನವಾಗಿದ್ದರೆ ಆ ಎರಡು ತಿಂಗಳು ಮಾತ್ರ.

ದಸರೆ ಕಳೆದ ಮೇಲೆ ಉದ್ಘಾಟನೆಯೆಂದು ಸಮಿತಿಯವರು ಇಪ್ಪತ್ತು ಸೈಕಲ್ಲುಗಳೊಂದಿಗೆ ಬಂದರು. ದಾರಿಯ ತುಂಬ ಮೀನು. ಒಬ್ಬ ಮೂಗು ಮುಚ್ಚಿಕೊಂಡ. ಇನ್ನೊಬ್ಬ ಬಂಗಡೆಯ ಮೇಲೇ ಚಕ್ರ ಹಾಯಿಸಿ ಜಾರಿ ಬಿದ್ದು, ಮೊಣಕೈ ತರಚಿಕೊಂಡು, ಗುಂಡೇಟು ಬಿದ್ದವನಂತೆ ನರಳಿದ. ಹೆಂಗಸರು ಅವನಿಗೆ ನೀರು ಕೊಟ್ಟರು. ಜೊತೆಗೆ ಬಂದಿದ್ದ ಒಬ್ಬ ಅಧಿಕಾರಿ ಇದು ಸೈಕಲ್ ದಾರಿ, ಕೂಡಲೇ ಖಾಲಿ ಮಾಡಿ ಎಂದ. ಅಕ್ಕನಿಗೆ ಅರ್ಥವಾಗಲಿಲ್ಲ.

“ಎಂತ ದಾರಿ? ಇದು ನಮ್ಮ ಮೀನಿನ ಜಾಗ. ಅಜ್ಜಿ ಕಾಲದಿಂದ ಇಲ್ಲೇ ಹಾಕ್ತಾ ಬಂದವ್ರು ನಾವು. ಬೇಕಾದ್ರೆ ನಮ್ಮ ತಮ್ಮನ್ನ ಕೇಳಿ, ಮಾಸ್ತರ ಅವ.”

ನನ್ನನ್ನು ಕರೆಸಿದರು. ಹೋದೆ. ಅಕ್ಕ ಎಲ್ಲರ ಎದುರು ನಿಂತು, “ಹೇಳು ತಮಾ, ನೀನು ಓದಿದವ, ಇವರಿಗೆ ತಿಳಿಯೂ ಹಾಂಗೆ ಹೇಳು” ಎಂದಳು. ಅಂದಿನ ಐವರಲ್ಲಿ ಹಿರಿಯನಾದವ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ನನ್ನ ಮುಖ ನೋಡಿದ, ಚೀಲದಿಂದ ಸುರುಳಿ ತೆಗೆದು ಬಿಡಿಸಿದ.

“ಇದು ಖಾಲಿ ಜಾಗ ಅಂತ ಹೇಳಿದ್ದೇ ಇವರು. ನಕಾಶೆ ಬರೆದುಕೊಟ್ಟದ್ದೂ ಇವರೇ. ಇಲ್ಲಿ ಸಹಿ ಇದೆ.”

ಅಕ್ಕ ಹತ್ತಿರ ಬಂದು ಹಾಳೆಯನ್ನು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಕಡಲು ಯಾವುದು, ಹೊಳೆ ಯಾವುದು ಎಂದು ತಿಳಿಯುವಷ್ಟು ಚೆನ್ನಾಗಿ ನಾನು ಬರೆದಿದ್ದೆ. ಆ ಹಸಿರು ಪಟ್ಟಿಯ ಮೇಲೆ ಬೆರಳಿಟ್ಟು, “ನಮ್ಮ ಕೇರಿ ಎಲ್ಲಿ?” ಎಂದಳು. ನಕಾಶೆಯಲ್ಲಿ ಕೇರಿ ಇರಲಿಲ್ಲ. ಮನೆಗಳನ್ನು ಬರೆದರೆ ಚಿತ್ರದ ಅಂದ ಕೆಡುತ್ತದೆಂದು ನಾನು ಬಿಟ್ಟಿದ್ದೆ.

ಅಂದು ಆಡಬೇಕಾದದ್ದು ಒಂದೇ ಮಾತು: ನಾನು ಸುಳ್ಳು ಹೇಳಿದೆ. ಅದರ ಬದಲು ಋತುಮಾನ, ತಾತ್ಕಾಲಿಕ ಬಳಕೆ ಎಂದೆಲ್ಲ ತೊದಲಿದೆ. ಅಧಿಕಾರಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳುವಂಥದ್ದೂ ಅದರಲ್ಲಿ ಇರಲಿಲ್ಲ.

ಈಗ ದಾರಿಯ ಎರಡೂ ತುದಿಗೆ ಕಬ್ಬಿಣದ ಗೇಟು, ಕಾಯಲು ಒಬ್ಬ ಕಾವಲುಗಾರ. ಸೈಕಲ್ಲಿನವರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಬಂದವರು ಎಂಥ ಶಾಂತಿ, ಎಂಥ ಗಾಳಿ ಎಂದು ಉದ್ಗಾರ ತೆಗೆದು ಓಂ ಬೀಚಿಗೆ ಹೋಗಿ ಬಿದ್ದುಕೊಳ್ಳುತ್ತಾರೆ. ಮನೆಯಂಗಳದಲ್ಲಿ ತೆಂಗಿನ ನೆರಳು, ಮೀನು ಕೊಳೆಯುತ್ತದೆ. ಹಾಗಾಗಿ ಹೆಂಗಸರು ಮೀನಿನ ಬುಟ್ಟಿ ಹೊತ್ತು ಹೆದ್ದಾರಿಗೆ ಹೋಗುತ್ತಾರೆ. ಚತುಷ್ಪಥದ ಅಂಚಿನ ಡಾಂಬರಿನ ಮೇಲೆ, ಬಿಳಿ ಗೆರೆಯ ಈಚೆ, ಮೀನು ಹರಡಿ ಕೂರುತ್ತಾರೆ. ಮರಳಿನ ಬದಲು ಈಗ ಲಾರಿಯ ಧೂಳು ಹತ್ತುತ್ತದೆ. ಅಲ್ಲೂ ಮನೆಯ ಸಾಲಿನಂತೆಯೇ ಗುಡಿಸಿಕೊಂಡಿದ್ದಾರೆ.

ನಾನು ತಿಂಗಳುಗಟ್ಟಲೆ ಆ ಕಡೆ ಸುಳಿಯಲಿಲ್ಲ. ಕೊನೆಗೆ ಒಂದು ಭಾನುವಾರ ಧೈರ್ಯ ಮಾಡಿ ಹೆದ್ದಾರಿಯಲ್ಲೇ ತುಳಿಯುತ್ತ ಅಕ್ಕನಿದ್ದಲ್ಲಿಗೆ ಹೋದೆ. ಅವಳು ಕೊಡೆಯ ಕೆಳಗೆ ಕೂತು ಕಾಗೆ ಓಡಿಸುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು, ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅಷ್ಟರಲ್ಲಿ ಒಂದು ಟ್ಯಾಂಕರು ನನ್ನ ತೋಳು ಸವರುವಷ್ಟು ಹತ್ತಿರದಿಂದ ಹಾರ್ನ್ ಹೊಡೆಯುತ್ತ ಹೋಯಿತು. ಅಕ್ಕ ಗಾಬರಿಯಾಗಿ ಎದ್ದು ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಈಚೆಗೆ ಎಳೆದಳು.

“ನೀ ಎಂತಕ್ಕೆ ಇಲ್ಲಿ ಬಂದೆ ಮಾರಾಯ? ಈ ಲಾರಿಯವ್ರಿಗೆ ಕಣ್ಣಿಲ್ಲ” ಎಂದಳು. “ಆ ಕೆಳಗಿನ ದಾರಿಲೇ ಹೋಗು ತಮಾ. ಅಲ್ಲಿ ಗಾಡಿ-ಗೀಡಿ ಎಂತದೂ ಬರೂದಿಲ್ಲ.”

ಅವಳ ದನಿಯಲ್ಲಿ ಕೊಂಕು ಹುಡುಕಿದೆ. ಸಿಗಲಿಲ್ಲ. ಸೈಕಲ್ ತಿರುಗಿಸಿಕೊಂಡು ಆ ದಾರಿಯಲ್ಲೇ ಹೋದೆ.