ಇಳಿಜಾರಿನ ನೆತ್ತಿಯಲ್ಲಿ ಎಡ್ನಾರ ಪಿಕಪ್

ಬೆಳಗಿನ ಐದೂವರೆ. ಇಂಗ್ಲೆಂಡಿನ ಕ್ಯಾಲ್ಡರ್ ಕಣಿವೆಯ ನಮ್ಮ ಬೀದಿಯಲ್ಲಿ ಎಡ್ನಾ ಸಗ್ಡನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅರವತ್ತೆಂಟರ ಈಕೆ ಮನೆಮನೆಯ ಹೊಗೆಗೂಡು ಗುಡಿಸುವವರು. ಬ್ರಷ್ಷು, ಕೋಲು, ಮಸಿಚೀಲ ತುಂಬಿದ ಅವರ ಮಾರಿಸ್ ಪಿಕಪ್ ದಿನವೂ ನಿಲ್ಲುವುದು ಇಳಿಜಾರಿನ ನೆತ್ತಿಯಲ್ಲಿ. ನಿನ್ನೆ ಸಂಜೆ ಅಲ್ಲಿ ನೀಲಿ ಕಾರೊಂದು ನಿಂತುಬಿಟ್ಟಿತ್ತು. ಹಾಗಾಗಿ ಪಿಕಪ್ ಈಗ ಕೆಳಗೆ, ಚರ್ಚಿನ ಪಕ್ಕದ ಸಮತಟ್ಟಿನಲ್ಲಿದೆ.

ಸಮತಟ್ಟಿನಲ್ಲಿ ಅದು ಹೊರಡುವುದಿಲ್ಲ. 1961ರ ಗಾಡಿ, ಮುಂದಿನಿಂದ ನೋಡಿದರೆ ದುಂಡು ಮೂತಿಯ ಸಂಸಾರಸ್ಥರ ಕಾರು, ಹಿಂದೆ ಸರಕು ಹೇರುವ ತೆರೆದ ತೊಟ್ಟಿ. ಒಂದು ಕಾಲಕ್ಕೆ ಇಲ್ಲಿನ ಗಾರೆಯವರ, ತರಕಾರಿಯವರ ಬಳಿಯೆಲ್ಲ ಇಂಥದ್ದೇ ಇತ್ತು. ಇದು ಎಡ್ನಾರ ಅಪ್ಪ ಕೊಂಡದ್ದು. ಸ್ಟಾರ್ಟರ್ ಕಚ್ಚುವ ಎಂಜಿನ್ನಿನ ಹಲ್ಲುಚಕ್ರ ಸವೆದು ಮೂರು ವರ್ಷವಾಯಿತು. ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ಹೋದಾಗ ಅದು ಒದ್ದು ಅವರ ಮಣಿಕಟ್ಟು ಮುರಿಯಿತು. ಅಂದಿನಿಂದ ಇಳಿಜಾರೇ ಗತಿ: ಗಾಡಿ ಉರುಳತೊಡಗಿದಾಗ ಗೇರ್ ಹಾಕಿದರೆ ಎಂಜಿನ್ ಹತ್ತಿಕೊಳ್ಳುತ್ತದೆ.

"ಎಂಜಿನ್ ಇಳಿಸ್ಬೇಕು, ಎರಡು ವಾರ ಬೇಕು. ಚಳಿಗಾಲದಲ್ಲಿ ಗಿರಾಕಿಗಳು ಯಾರು ಬಿಡ್ತಾರೆ? ಬೇಸಿಗೇಲಿ ಮಾಡಿಸ್ತೀನಿ" ಎನ್ನುತ್ತಾರೆ. ಮೂರು ಬೇಸಿಗೆ ಕಳೆದಿವೆ.

ದಿನಕ್ಕೆ ಐದು ಮನೆ. ಇಂದಿನ ಮೊದಲ ಮನೆ ಎಂಬತ್ತೊಂಬತ್ತರ ಮಿಸೆಸ್ ಹೋಲ್ರಾಯ್ಡ್ ಅವರದು. ಗುಡಿಸಲು ಗೂಡು ತಣ್ಣಗಿರಲೆಂದು ರಾತ್ರಿಯೇ ಅಗ್ಗಿಷ್ಟಿಕೆ ಆರಿಸಿ, ಕೋಟು ತೊಟ್ಟು ಕಾಯುತ್ತಿರುತ್ತಾರೆ.

"ಆರು ಮೀರಿದ್ರೆ ಅಜ್ಜಿ ಚಳಿ ತಡೀದೆ ಬೆಂಕಿ ಹಚ್ಚಿಬಿಡ್ತಾರೆ. ಆ ಗೂಡಲ್ಲಿ ಮಸಿ ಕಟ್ಟಿದೆ, ಕಿಡಿ ಹತ್ತಿದ್ರೆ ಮನೇನೇ ಹೋಗುತ್ತೆ."

ಎಡ್ನಾ ನೀಲಿ ಕಾರಿನವನ ಬಾಗಿಲು ಬಡಿಯುತ್ತಾರೆ. ಹೋದ ವಾರವಷ್ಟೇ ಬೀದಿಗೆ ಬಂದ ಗಾವಿನ್ ಪೈಜಾಮದಲ್ಲೇ ಹೊರಬರುತ್ತಾನೆ.

"ನನ್ನ ಮನೆ ಮುಂದೆ ನಾನು ನಿಲ್ಲಿಸಬಾರದೇನ್ರೀ?"

"ಮನೆ ನಿನ್ನದೇ ಕಣಪ್ಪ, ಯಾರು ಬೇಡ ಅಂದ್ರು? ಇಳಿಜಾರು ಮಾತ್ರ ನನ್ನದು. ಈಗ ಕಾರು ತೆಗೆದು ಏನ್ ಬಂತು? ಬಾ, ತಳ್ಳು."

ಅವನು ಹಿಂದಿನಿಂದ, ಈಕೆ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಾರೆ. ಗಾಡಿ ಉರುಳಿದೊಡನೆ ಈಕೆ ಒಳಗೆ ಹಾರಿ ಗೇರ್ ಹಾಕುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

"ರಾತ್ರಿ ಊಟ ಮಾಡಿದ್ದೀಯೋ ಇಲ್ವೋ?"

ಮೂರನೆಯ ಸಲ, ಚರ್ಚಿನ ಗೋಡೆ ದಾಟುವಾಗ, ಹತ್ತಿಕೊಳ್ಳುತ್ತದೆ. ಹಾರಿದ ಮಸಿಗೆ ಗಾವಿನ್‌ನ ಪೈಜಾಮ ಕಪ್ಪಾಗಿದೆ. ಆರಕ್ಕೆ ಐದು ನಿಮಿಷವಿರುವಾಗ ಎಡ್ನಾ ಅಜ್ಜಿಯ ಮನೆ ಮುಟ್ಟುತ್ತಾರೆ. ಬೆಂಕಿಪೊಟ್ಟಣ ಆಗಲೇ ಅಜ್ಜಿಯ ಕೈಯಲ್ಲಿದೆ.

ಸಂಜೆ ಮರಳಿ ಬಂದರೆ ನೆತ್ತಿಯ ಜಾಗ ಖಾಲಿ. ನೀಲಿ ಕಾರು ಕೆಳಗೆ ನಿಂತಿದೆ. ಒಳ್ಳೆಯ ಹುಡುಗ ಎಂದು ಬೀದಿಯವರು ಹೊಗಳಿದರೆ ಎಡ್ನಾ ನಗುತ್ತಾರೆ.

"ಒಳ್ಳೇತನ ಅಲ್ಲ ಅದು, ಬೆನ್ನುನೋವು. ಮತ್ತೆ ತಳ್ಳೋ ಕೆಲಸ ಬೇಡ ಅಂತ ಅಷ್ಟೇ. ಇನ್ನೊಂದು ಹತ್ತು ವರ್ಷ ಈ ಗಾಡಿ ಓಡಿಸ್ಬೇಕು ಅಂತ ಆಸೆ ನಂಗೆ. ಆ ಮನೆಗೆ ಬರೋರೆಲ್ಲ ಹೀಗೇ ಸೋಮಾರಿಗಳಾಗಿರ್ಲಿ, ಅಷ್ಟು ಸಾಕು."